ಕಲಂಕ ಯಾರದು?

ಚಂದ್ರನಿಗೆ ಕಲಂಕವುಂಟೆಂಬುದನ್ನು ನಮ್ಮ ಕವಿಗಳು ಎಷ್ಟು ಬಗೆಯಲ್ಲಿ ಹೇಳಿಲ್ಲ! ಮೊಲವೆಂದರು, ಜಿಂಕೆಯೆಂದರು, ಸುಂದರಿಯ ಮುಖವನ್ನು ಚಂದ್ರನಿಗೆ ಹೋಲಿಸಹೊರಟು, ಕಲಂಕವನ್ನು ನೆನೆದು, ಹೋಲಿಕೆಯನ್ನೇ ಹಿಂದಕ್ಕೆ ತೆಗೆದುಕೊಂಡರು. ಆದರೆ ಸೂರ್ಯನ ಮುಖದ ಮೇಲೆ ಕಪ್ಪು ಚುಕ್ಕೆಯನ್ನು ಕಂಡ ಕವಿಯನ್ನು, ನಾನು ತರಗತಿಯಲ್ಲಿ ಪಾಠ ಹೇಳುವ ಕಾವ್ಯಗಳಲ್ಲಿ ಇದುವರೆಗೆ ಕಂಡಿಲ್ಲ. ತಪ್ಪು ಕವಿಗಳದಲ್ಲ. ಬೆಳದಿಂಗಳಲ್ಲಿ ಕುಳಿತು ಚಂದ್ರನನ್ನು ಎಷ್ಟು ಹೊತ್ತಾದರೂ ನೋಡಬಹುದು, ಸೂರ್ಯನನ್ನು ದಿಟ್ಟಿಸುವವರಾರು?

ಕವಿಗಳು ಕಾಣದ್ದನ್ನು ಜ್ಯೋತಿಷಿಗಳು ಕಂಡಿದ್ದರೆಂದು ತೋರುತ್ತದೆ. ಆರನೆಯ ಶತಮಾನದ ವರಾಹಮಿಹಿರನು ತನ್ನ 'ಬೃಹತ್ಸಂಹಿತೆ'ಯಲ್ಲಿ ಸೂರ್ಯಬಿಂಬದ ಮೇಲೆ ಕಾಣಿಸಿಕೊಳ್ಳುವ 'ತಾಮಸಕೀಲಕ'ಗಳನ್ನು ಹೇಳುತ್ತಾನೆ. ಅವು ರಾಹುವಿನ ಮಕ್ಕಳು, ಸಂಖ್ಯೆಯಲ್ಲಿ 33. ಅವುಗಳ ಬಣ್ಣ, ಸ್ಥಾನ, ಆಕಾರಗಳನ್ನು ನೋಡಿ ಲೋಕದ ಶುಭಾಶುಭಗಳನ್ನು ತಿಳಿಯಬೇಕಂತೆ. ಫಲವನ್ನು ಒಪ್ಪದವರೂ, ಬಣ್ಣ, ಸ್ಥಾನ, ಆಕಾರಗಳನ್ನು ಗುರುತಿಸಬೇಕೆಂದ ಆ ಎಚ್ಚರವನ್ನು ಮೆಚ್ಚಲೇಬೇಕು. ಇಂದು ನಾವು ಸೌರಕಲೆಗಳೆಂದು ಕರೆಯುವುದು ಇವನ್ನೇ ಎಂದು ಅನೇಕ ವಿದ್ವಾಂಸರ ಎಣಿಕೆ.

ಈ ಪೀಠಿಕೆಗೆ ಕಾರಣವಿದೆ. ಕೆಲವು ವರ್ಷಗಳಿಂದ ನಮ್ಮ ಮನೆಯ ಹಿತ್ತಲಿನಲ್ಲಿ, ಕರಿಬೇವಿನ ಗಿಡಕ್ಕೂ ಬಟ್ಟೆಯೊಗೆಯುವ ಕಲ್ಲಿಗೂ ನಡುವೆ, ಮೂರು ಕಾಲಿನ ಮೇಲೆ ಒಂದು ದೂರದರ್ಶಕ ನಿಂತಿದೆ. ಅದರ ಮುಂಗಾಜು 80 ಮಿಲಿಮೀಟರ್ ಅಗಲ. ನಾಭಿದೂರ 900 ಮಿಲಿಮೀಟರ್. ರಾತ್ರಿ ನಕ್ಷತ್ರಗಳನ್ನು ನೋಡಲೆಂದು ಕೊಂಡೆ. ಆದರೆ ಬೀದಿದೀಪಗಳು ನಕ್ಷತ್ರಗಳನ್ನು ನುಂಗಿಬಿಟ್ಟಿದ್ದವು. ಯಾವ ಬೀದಿದೀಪವೂ ನುಂಗಲಾರದ ನಕ್ಷತ್ರ ಒಂದೇ ಒಂದು. ಹೀಗೆ ನಾನು ಸೂರ್ಯನ ಛಾಯಾಚಿತ್ರಗಾರನಾದೆ. ಮುಂಜಾನೆ ಕೊಳವೆಗೆ ಕ್ಯಾಮೆರಾ ತಗುಲಿಸಿಕೊಂಡು ನಿಂತವನನ್ನು ಕಂಡು ನೆರೆಮನೆಯ ಹಿರಿಯರು, "ಮಾಸ್ತರ, ಪಂಚಾಂಗ ಬರಿಯಾಕ ಶುರು ಮಾಡೀರೇನು?" ಎಂದು ಕೇಳಿದ್ದುಂಟು.

ನೆರೆಯವರದು ವಿನೋದ, ನಮ್ಮ ತಂದೆಯವರದು ಮಾತ್ರ ವಿನೋದವಾಗಿರಲಿಲ್ಲ. ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಿದ ಮೊದಲ ದಿನವೇ ಅವರು ಬಾಗಿಲಲ್ಲಿ ನಿಂತು, "ತಮ್ಮಾ, ಈ ಮನ್ಯಾಗ ಒಂದು ಕಣ್ಣು ಹೋದದ್ದು ಸಾಕು" ಎಂದು ಹೇಳಿ ಒಳಗೆ ಹೋದರು. ಆ ಮಾತಿನ ಹಿಂದಿನ ಕಥೆಯನ್ನು ಓದುಗರಿಗೆ ಹೇಳಬೇಕು.

1980ನೆಯ ಇಸವಿಯ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಚಂದ್ರನ ನೆರಳು ಅಂಕೋಲೆಯ ಕಡಲತೀರದಿಂದ ಒಳನಾಡಿಗೆ ಬಂದು ಹುಬ್ಬಳ್ಳಿ, ಗದಗು, ರಾಯಚೂರುಗಳ ಮೇಲೆ ಹಾದುಹೋಯಿತು. ಆಗ ನಮ್ಮ ತಂದೆಯವರಿಗೆ ಇಪ್ಪತ್ತು ವರ್ಷ. ಗದಗಿನಲ್ಲಿ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಆಗತಾನೆ ಸೇರಿದ್ದರು. ಊರಿನವರೆಲ್ಲ ಕದವಿಕ್ಕಿ ಒಳಗೆ ಕುಳಿತಿದ್ದಾಗ, ಇವರೂ ಇಬ್ಬರು ಗೆಳೆಯರೂ ಒಡೆದ ಗಾಜಿನ ಚೂರಿಗೆ ಚಿಮಣಿಯ ಮಸಿ ಹಿಡಿಸಿ, ಮಾಳಿಗೆ ಹತ್ತಿ, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದರು. ಬಿಂಬ ಪೂರ್ತಿ ಮುಚ್ಚಿದ ಎರಡು ನಿಮಿಷಗಳ ಕಾಲ ಬರಿಗಣ್ಣಿನ ನೋಟದಿಂದ ಯಾವ ಅಪಾಯವೂ ಇಲ್ಲ. ಆದರೆ ಇವರು ನೋಡಿದ್ದು ಅದಕ್ಕೆ ಮೊದಲೂ, ಅದಾದಮೇಲೂ. ಮಸಿಯು ಕಣ್ಣಿಗೆ ಕಾಣುವ ಬೆಳಕನ್ನು ಕುಗ್ಗಿಸಿ ಧೈರ್ಯ ಕೊಡುತ್ತದೆಯೇ ಹೊರತು, ಒಳಗೆ ಹೋಗಿ ಸುಡುವ ಕಿರಣಗಳನ್ನು ಸಾಕಷ್ಟು ತಡೆಯುವುದಿಲ್ಲ. ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲವಾದ್ದರಿಂದ ಸುಟ್ಟದ್ದು ಆಗಲೇ ಗೊತ್ತಾಗುವುದೂ ಇಲ್ಲ.

ಗೊತ್ತಾದದ್ದು ಮರುದಿನ, ಅಚ್ಚುಕೂಟದಲ್ಲಿ. ಮೊಳೆಯೊಂದನ್ನು ಕೈಗೆತ್ತಿಕೊಂಡು ಬಲಗಣ್ಣಿನಿಂದ ನೋಡಿದರೆ ಸುತ್ತಲಿನದೆಲ್ಲ ಕಾಣುತ್ತದೆ. ನೋಡಬೇಕೆಂದ ಅಕ್ಷರ ಮಾತ್ರ ಇಲ್ಲ. ಆ ಜಾಗದಲ್ಲೊಂದು ಬೂದುಬಣ್ಣದ ಚುಕ್ಕೆ. ಅದು ಮುಂದೆಂದೂ ಹೋಗಲಿಲ್ಲ. ಎಡಗಣ್ಣಿನ ಬಲದಿಂದಲೇ ಅವರು ಮೂರು ದಶಕಗಳ ಕಾಲ ಮೊಳೆ ಜೋಡಿಸಿದರು. ಆ ಸಂಪಾದನೆಯಲ್ಲಿಯೇ ನನ್ನನ್ನು ಎಂ.ಎ. ಓದಿಸಿದರು. ಇಂಥವರ ಮಗ ಸೂರ್ಯನತ್ತ ಕೊಳವೆ ಹಿಡಿದು ನಿಂತರೆ ಅವರು ಏನೆನ್ನಬೇಕು?

ಆದ್ದರಿಂದ, ಈ ಹವ್ಯಾಸದ ಸೊಗಸನ್ನು ಹೇಳುವ ಮೊದಲು ಅದರ ಶಿಸ್ತನ್ನು ಹೇಳುವುದು ನನ್ನ ಕರ್ತವ್ಯ. ದೂರದರ್ಶಕದ ಮೂಲಕ ಸೂರ್ಯನನ್ನು ನೇರವಾಗಿ ನೋಡಿದರೆ ಒಂದು ಕ್ಷಣವೇ ಸಾಕು, ಕಣ್ಣು ಹಾಳಾಗುತ್ತದೆ. ಕೊಳವೆಯ ಮುಂಬದಿಗೆ, ಗಾಜನ್ನು ಪೂರ್ತಿ ಮುಚ್ಚುವಂತೆ, ಇದಕ್ಕೆಂದೇ ತಯಾರಾದ ಸೌರ ಫಿಲ್ಟರ್ ಹಾಳೆಯನ್ನು ಬಿಗಿದು ಕಟ್ಟಬೇಕು. ನೋಡಲು ಬೆಳ್ಳಿಯ ಕಾಗದದಂತಿರುವ ಆ ಹಾಳೆ ಬೆಳಕಿನಲ್ಲಿ ಲಕ್ಷಕ್ಕೊಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಪ್ರತಿ ಸಲವೂ ಅದನ್ನು ದೀಪಕ್ಕೆ ಹಿಡಿದು, ಸೂಜಿಮೊನೆಯಷ್ಟು ತೂತೂ ಇಲ್ಲವೆಂದು ನೋಡಿಕೊಳ್ಳಬೇಕು. ಗಾಳಿಗೆ ಹಾರದಂತೆ ಅಂಟುಪಟ್ಟಿಯಿಂದ ಭದ್ರಪಡಿಸಬೇಕು. ಕೊಳವೆಯ ಬೆನ್ನಿನ ಮೇಲಿರುವ ಗುರಿ ಹಿಡಿಯುವ ಪುಟ್ಟ ದುರ್ಬೀನನ್ನು ಕಳಚಿಡಬೇಕು. ಮಕ್ಕಳು ಮೊದಲು ಕಣ್ಣಿಡುವುದು ಅದಕ್ಕೇ. ಕಣ್ಣಿಡುವ ತುದಿಗೆ ತಿರುಪುವ ಸಣ್ಣ ಕಪ್ಪುಗಾಜು ಕೆಲವು ಅಗ್ಗದ ದೂರದರ್ಶಕಗಳ ಜೊತೆಗೆ ಬರುವುದುಂಟು. ಅದನ್ನು ಕಸದ ಬುಟ್ಟಿಗೆ ಹಾಕಿ. ಕೇಂದ್ರೀಕೃತವಾದ ಬಿಸಿಲಿಗೆ ಅದು ಯಾವ ಕ್ಷಣದಲ್ಲಾದರೂ ಬಿರಿದೀತು.

ಇಷ್ಟಾದ ಮೇಲೆ ಕೆಲಸ ಸುಲಭ. ನನ್ನ ದೂರದರ್ಶಕದಲ್ಲಿ ಸೂರ್ಯನ ಬಿಂಬ ಸುಮಾರು 8 ಮಿಲಿಮೀಟರ್ ಅಗಲವಾಗಿ ಮೂಡುತ್ತದೆ. ಕಣ್ಣಿಡುವ ಮಸೂರವನ್ನು ತೆಗೆದು ಆ ಜಾಗದಲ್ಲಿ ಕ್ಯಾಮೆರಾವನ್ನೇ ಕೂಡಿಸುತ್ತೇನೆ. ಸೆಕೆಂಡಿನ ಇನ್ನೂರೈವತ್ತರಲ್ಲೊಂದು ಪಾಲಿನಷ್ಟು ಹೊತ್ತು ಬೆಳಕು ಬಿಟ್ಟರೆ ಸಾಕು. ಬೆಳಗಿನ ಹೊತ್ತು ಉತ್ತಮ. ನೆಲ ಕಾದಮೇಲೆ ಗಾಳಿ ಕದಡಿ ಬಿಂಬದ ಅಂಚು ಹಳ್ಳದ ನೀರಿನಂತೆ ನಡುಗುತ್ತದೆ. ಸಿಮೆಂಟಿನ ಮಾಳಿಗೆಗಿಂತ ಹುಲ್ಲಿರುವ ಹಿತ್ತಲೇ ಮೇಲು. ಇಪ್ಪತ್ತು ಮೂವತ್ತು ಚಿತ್ರ ತೆಗೆದರೆ ಗಾಳಿ ಉಸಿರು ಬಿಗಿಹಿಡಿದ ಗಳಿಗೆಯ ಚಿತ್ರ ಒಂದೋ ಎರಡೋ ಸಿಕ್ಕುತ್ತದೆ. ಅದರಲ್ಲಿ ಕಲೆಯ ನಡುವಿನ ಕಡುಗಪ್ಪು, ಅದರ ಸುತ್ತ ಹೂವಿನ ಎಸಳಿನಂಥ ಅರೆನೆರಳು, ಎಲ್ಲವೂ ಸ್ಪಷ್ಟವಾಗಿರುತ್ತವೆ.

ಕಡುಗಪ್ಪೆಂದೆನಲ್ಲ, ಅದೂ ನಿಜವಾದ ಕಪ್ಪಲ್ಲ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಕಲೆಯ ನಡುವೆ ಅದು 4,000 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಕಲೆಯೊಂದನ್ನೇ ಕಿತ್ತು ಆಕಾಶದಲ್ಲಿ ಬೇರೆಯಾಗಿ ಇಡುವುದು ಸಾಧ್ಯವಾಗಿದ್ದರೆ ಅದೂ ಕಣ್ಣು ಕೋರೈಸುತ್ತಿತ್ತು. ಸೂರ್ಯನ ಅಯಸ್ಕಾಂತಬಲ ಕೆಲವೆಡೆ ಒತ್ತೊತ್ತಾಗಿ ಮೇಲೆದ್ದು, ಒಳಗಿನಿಂದ ಕುದಿದು ಬರುವ ಶಾಖವನ್ನು ತಡೆಯುತ್ತದೆ. ತಡೆದ ಎಡೆ ತುಸು ತಣ್ಣಗಾಗಿ ಮಂಕಾಗುತ್ತದೆ. ಕಲೆಗಳಲ್ಲಿ ಅಯಸ್ಕಾಂತಬಲವಿರುವುದನ್ನು ಅಮೆರಿಕದ ಜಾರ್ಜ್ ಎಲರಿ ಹೇಲ್ 1908ರಲ್ಲಿ ಕಂಡುಹಿಡಿದನು. ಹೆಚ್ಚು ಉಜ್ವಲರ ನಡುವೆ ನಿಂತ ಉಜ್ವಲನು ಕಪ್ಪಾಗಿ ಕಾಣುವುದು ಮನುಷ್ಯಲೋಕದಲ್ಲಿಯೂ ಹೊಸದಲ್ಲ.

ಇನ್ನು ನನ್ನ ಮೊದಲ ಪರಾಕ್ರಮದ ಕಥೆ. 2023ರ ಜನವರಿಯಲ್ಲಿ, ಸತತ ಮೂರು ದಿನ ತೆಗೆದ ಚಿತ್ರಗಳಲ್ಲಿ ಬಿಂಬದ ನಡುವೆ ದುಂಡಗೆ, ಮುದ್ದಾಗಿ ಒಂದು ಕಲೆ ಮೂಡಿತ್ತು. ಸಂಭ್ರಮಕ್ಕೆ ಮಿತಿಯುಂಟೆ? ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರಿಗೂ ತೋರಿಸಿದೆ. ಭೌತವಿಜ್ಞಾನದ ಅಧ್ಯಾಪಕರು ಮೂರು ಚಿತ್ರಗಳನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಿ, ಮೆಲ್ಲಗೆ, "ಸರ್, ಸೂರ್ಯ ತಿರುಗುವುದನ್ನು ಯಾವಾಗ ನಿಲ್ಲಿಸಿದ?" ಎಂದರು.

ಭೂಮಿಯಿಂದ ನೋಡುವ ನಮಗೆ ಸೂರ್ಯ ತನ್ನ ಸುತ್ತ ತಾನು ಒಂದು ಸಲ ತಿರುಗಲು ಸುಮಾರು 27 ದಿನ ಬೇಕು. ಆದ್ದರಿಂದ ಕಲೆಯೊಂದು ಮೂಡಲಂಚಿನಿಂದ ಪಡುವಲಂಚಿಗೆ ಎರಡು ವಾರಕ್ಕೆ ತುಸು ಕಡಿಮೆ ಕಾಲದಲ್ಲಿ ಸಾಗಿಹೋಗುತ್ತದೆ. ದಿನದಿನಕ್ಕೂ ಅದು ಸರಿದಿರಲೇಬೇಕು. ನನ್ನ ಚಿತ್ರಗಳಲ್ಲಿ ಉಳಿದ ಚಿಕ್ಕ ಕಲೆಗಳೆಲ್ಲ ಸರಿದಿದ್ದವು. ನನಗೆ ಪ್ರಿಯವಾದದ್ದೊಂದು ಮಾತ್ರ ಅಲುಗಿರಲಿಲ್ಲ. "ಬಿಂಬವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ಚಿತ್ರ ತೆಗೆಯಿರಿ. ಕಲೆ ಸೂರ್ಯನ ಜೊತೆಗೆ ಸರಿದರೆ ಸೂರ್ಯನದು, ಇದ್ದಲ್ಲಿಯೇ ಉಳಿದರೆ ನಿಮ್ಮದು" ಎಂದರು ಅವರು. ಹಾಗೆಯೇ ಮಾಡಿದೆ. ಕಲೆ ಇದ್ದಲ್ಲಿಯೇ ಉಳಿಯಿತು. ಕ್ಯಾಮೆರಾದ ಒಳಗೆ, ಬೆಳಕನ್ನು ಹಿಡಿಯುವ ಫಲಕದ ಮೇಲೆ, ಒಂದು ಧೂಳಿನ ಕಣ ಕುಳಿತಿತ್ತು. ಮೂರು ದಿನ ನಾನು ನನ್ನ ಮನೆಯ ಧೂಳನ್ನು ಸೂರ್ಯನ ಮುಖಕ್ಕೆ ಹಚ್ಚಿದ್ದೆ!

ನಾಚಿಕೆಯಾಯಿತು, ಆದರೆ ಆ ನಾಚಿಕೆಯಲ್ಲಿ ನನಗೆ ದೊಡ್ಡವರ ಜೊತೆಯಿತ್ತೆಂಬುದು ಆಮೇಲೆ ತಿಳಿಯಿತು. 1611ರಲ್ಲಿ ಜರ್ಮನಿಯ ಇಂಗೋಲ್‌ಸ್ಟಾಟ್‌ನ ಕ್ರಿಸ್ಟೋಫ್ ಷೈನರ್ ಎಂಬ ಪಾದ್ರಿ ಈ ಕಲೆಗಳನ್ನು ಕಂಡಾಗ, ಅವನು ಮೊದಲು ಸಂಶಯಪಟ್ಟದ್ದು ತನ್ನ ಕಣ್ಣನ್ನೂ ತನ್ನ ಗಾಜನ್ನೂ. ಬೇರೆ ಬೇರೆ ದೂರದರ್ಶಕಗಳಿಂದ, ಬೇರೆ ಬೇರೆಯವರ ಕಣ್ಣಿನಿಂದ ನೋಡಿ, ಕಲೆ ಗಾಜಿನದಲ್ಲವೆಂದು ನಿಶ್ಚಯಿಸಿಕೊಂಡನು. ಆದರೂ ಸೂರ್ಯನಲ್ಲಿ ದೋಷವಿರುವುದನ್ನು ಅವನ ಮನಸ್ಸು ಒಪ್ಪಲಿಲ್ಲ. ಸೂರ್ಯನ ಸುತ್ತ ಸುಳಿಯುವ ಪುಟ್ಟ ಗ್ರಹಗಳೇ ಹೀಗೆ ಕಾಣುತ್ತಿರಬೇಕೆಂದು ಬರೆದನು. ಗೆಲಿಲಿಯೋ 1613ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಇದಕ್ಕೆ ಉತ್ತರವಿತ್ತು. ಕಲೆಗಳು ಅಂಚನ್ನು ಸಮೀಪಿಸಿದಂತೆ ಕಿರಿದಾಗಿ ಕಾಣುತ್ತವೆ. ಚೆಂಡಿನ ಮೇಲೆ ಅಂಟಿಸಿದ ಬೊಟ್ಟು ಚೆಂಡು ತಿರುಗಿದಾಗ ಹಾಗೆಯೇ ಕಾಣುತ್ತದೆ. ಆದ್ದರಿಂದ ಅವು ಸೂರ್ಯನ ಮೈಮೇಲೆಯೇ ಇವೆ. ಷೈನರನೂ ಕಾಲಾನಂತರದಲ್ಲಿ ಈ ಮಾತನ್ನು ಒಪ್ಪಿದನು. ಗಾಜಿನ ಧೂಳನ್ನು ಒರಸುವುದಕ್ಕಿಂತ ಮನಸ್ಸಿನ ಧೂಳನ್ನು ಒರಸುವುದಕ್ಕೆ ಹೆಚ್ಚು ವರ್ಷಗಳು ಬೇಕಾಗುತ್ತವೆ.

ಧೂಳಿನ ಪ್ರಸಂಗ ನನಗೆ ಇನ್ನೊಂದು ಪಾಠವನ್ನೂ ಕಲಿಸಿತು. ಒಂದು ದಿನದ ಚಿತ್ರ ಏನನ್ನೂ ಹೇಳದು. ಚಿತ್ರಗಳ ಸಾಲು ಹೇಳುತ್ತದೆ. ಜರ್ಮನಿಯ ಡೆಸಾವ್ ಎಂಬ ಊರಿನಲ್ಲಿ ಹೈನ್‌ರಿಷ್ ಷ್ವಾಬ ಎಂಬ ಔಷಧ ವ್ಯಾಪಾರಿಯಿದ್ದನು. ಬುಧನಿಗಿಂತ ಒಳಗೆ ಇನ್ನೊಂದು ಗ್ರಹವಿದ್ದರೆ ಅದು ಸೂರ್ಯನ ಮುಂದೆ ಹಾಯುವಾಗ ಕಂಡೀತೆಂದು, 1826ರಿಂದ ಮೋಡವಿಲ್ಲದ ದಿನವೆಲ್ಲ ಸೂರ್ಯನನ್ನು ನೋಡಿ ಕಲೆಗಳನ್ನು ಗುರುತಿಸಿಟ್ಟನು. ಗ್ರಹ ಸಿಕ್ಕಲಿಲ್ಲ. ಆದರೆ 17 ವರ್ಷಗಳ ಲೆಕ್ಕವನ್ನು ತೆಗೆದು ನೋಡಿದಾಗ, ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುವುದು ಕಂಡುಬಂತು. ಆ ಚಕ್ರ ಸರಾಸರಿ 11 ವರ್ಷದ್ದೆಂದು ಇಂದು ನಾವು ಬಲ್ಲೆವು. ಷ್ವಾಬನ ಪುಸ್ತಕದಲ್ಲಿ 'ಇಂದು ಕಲೆಯಿಲ್ಲ' ಎಂಬ ದಿನಗಳೂ ದಾಖಲಾಗದಿದ್ದರೆ ಈ ಚಕ್ರ ಹೊರಬೀಳುತ್ತಲೇ ಇರಲಿಲ್ಲ. ಜಪಾನಿನ ಹಿಸಾಕೊ ಕೊಯಾಮಾ ಎಂಬ ಮಹಿಳೆ, ತಂದೆ ಕೊಡಿಸಿದ ಪುಟ್ಟ ದೂರದರ್ಶಕದಿಂದ ಆರಂಭಿಸಿ, ನಾಲ್ಕು ದಶಕಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಸೂರ್ಯನ ಚಿತ್ರಗಳನ್ನು ಕೈಯಿಂದ ಬರೆದಿಟ್ಟಳು. ಇಂದಿನ ವಿಜ್ಞಾನಿಗಳು ನಾಲ್ಕು ಶತಮಾನಗಳ ಕಲೆಗಳ ಲೆಕ್ಕವನ್ನು ಸರಿಪಡಿಸುವಾಗ ಆಕೆಯ ಹಾಳೆಗಳನ್ನು ಆಧಾರವಾಗಿಟ್ಟುಕೊಂಡಿದ್ದಾರೆ.

ಸೂರ್ಯನ ಕಲೆಗಳು ಛಾಯಾಚಿತ್ರದಲ್ಲಿ ಮೊದಲು ಸ್ಪಷ್ಟವಾಗಿ ಮೂಡಿದ್ದು 1845ರ ಏಪ್ರಿಲ್ 2ರಂದು. ಪ್ಯಾರಿಸ್ಸಿನಲ್ಲಿ ಫಿಜೋ ಮತ್ತು ಫೂಕೋ ಎಂಬಿಬ್ಬರು ಬೆಳ್ಳಿಲೇಪದ ಫಲಕದ ಮೇಲೆ ಅದನ್ನು ಹಿಡಿದರು. ನಮ್ಮ ದೇಶದ ಸಾಲು ಕೊಡೈಕನಾಲಿನದು. 1899ರಲ್ಲಿ ಆರಂಭವಾದ ಅಲ್ಲಿಯ ವೀಕ್ಷಣಾಲಯದಲ್ಲಿ 1904ರಿಂದ, ಮೋಡ ಬಿಟ್ಟುಕೊಟ್ಟ ದಿನಗಳಲ್ಲೆಲ್ಲ, ಸೂರ್ಯನ ಛಾಯಾಚಿತ್ರ ತೆಗೆಯುತ್ತ ಬಂದಿದ್ದಾರೆ. ಕಲೆಯ ಅರೆನೆರಳಿನಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ ಅಲ್ಲಿಯೇ 1909ರಲ್ಲಿ ಕಂಡುಹಿಡಿದನು. ಆ ವೀಕ್ಷಣಾಲಯವನ್ನು ಈಗ ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟು, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡುವ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ರೂಪಿಸಿದ್ದೂ ಆ ಸಂಸ್ಥೆಯೇ. ಇಷ್ಟೆಲ್ಲ ಇರುವಾಗ ಕರಿಬೇವಿನ ಗಿಡದ ಪಕ್ಕದ ನನ್ನ ಕೊಳವೆಯಿಂದ ವಿಜ್ಞಾನಕ್ಕೇನು ಲಾಭವೆಂದು ಯಾರಾದರೂ ಕೇಳಬಹುದು. ವಿಜ್ಞಾನಕ್ಕೆ ಬಹಳವಿಲ್ಲವೆಂದೇ ಇಟ್ಟುಕೊಳ್ಳೋಣ. ನನ್ನ ಮನೆಗೆ ಆದ ಲಾಭವನ್ನು ಈಗ ಹೇಳುತ್ತೇನೆ.

2024ರ ಮೇ 7ರಂದು ನಮ್ಮ ಕಡೆ ಲೋಕಸಭೆಯ ಮತದಾನ. ಮತಗಟ್ಟೆಯ ಕೆಲಸ ಮುಗಿಸಿ ಬಂದು, ಒಂದು ದಿನ ದಣಿವಾರಿಸಿಕೊಂಡು, 9ರ ಬೆಳಗ್ಗೆ ಚಿತ್ರ ತೆಗೆದಾಗ ಬೆರಗಾದೆ. ಬಿಂಬದ ಕೆಳಭಾಗದಲ್ಲಿ ಇರುವೆಗಳ ಸಾಲಿನಂತೆ ಕಲೆಗಳ ದೊಡ್ಡ ಗುಂಪು. ವಿಜ್ಞಾನಿಗಳು 13664 ಎಂಬ ಸಂಖ್ಯೆ ಕೊಟ್ಟಿದ್ದ ಆ ಗುಂಪಿನ ಉದ್ದದಲ್ಲಿ ಹದಿನೈದು ಭೂಮಿಗಳನ್ನು ಸಾಲಾಗಿ ಇಡಬಹುದಾಗಿತ್ತು. ಬಿಂಬವನ್ನು ಸರಿಸಿ ನೋಡಿದೆ, ಕಲೆಗಳೂ ಸರಿದವು. ಧೂಳಲ್ಲ!

ಇದನ್ನು ತಂದೆಯವರಿಗೆ ತೋರಿಸಲೇಬೇಕೆನ್ನಿಸಿತು. ಕೊಳವೆಗೆ ಕಣ್ಣಿಡಿರೆಂದು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ, ಹೇಳಬಾರದು ಕೂಡ. ಗೆಲಿಲಿಯೋನ ಶಿಷ್ಯ ಕಸ್ತೆಲ್ಲಿ ತೋರಿಸಿಕೊಟ್ಟ ಹಳೆಯ ಉಪಾಯವೊಂದುಂಟು: ಸೂರ್ಯನಿಗೆ ಬೆನ್ನು ಮಾಡಿ ಸೂರ್ಯನನ್ನು ನೋಡುವುದು. ಮುಂಗಾಜಿಗೆ ನಡುವೆ ಸಣ್ಣ ತೂತು ಕೊರೆದ ರಟ್ಟನ್ನು ಮುಚ್ಚಿ, ಬೆಳಕು ಹೊರಬರುವ ತುದಿಯಿಂದ ಒಂದು ಮೊಳ ದೂರದಲ್ಲಿ ಬಿಳಿಯ ಹಾಳೆ ಹಿಡಿದರೆ, ಬಿಂಬ ಹಾಳೆಯ ಮೇಲೆ ಬಟ್ಟಲಿನಗಲವಾಗಿ ಮೂಡುತ್ತದೆ. ಈ ಕ್ರಮದಲ್ಲಿ ಫಿಲ್ಟರ್ ಇರುವುದಿಲ್ಲವಾದ್ದರಿಂದ ಯಾರೂ ಆ ತುದಿಗೆ ಮುಖ ತರದಂತೆ ಒಬ್ಬರು ಕಾವಲಿರಬೇಕು. ನಾನೇ ಕಾವಲು ನಿಂತು, "ಅಪ್ಪಾ, ಮೇಲೆ ನೋಡಬ್ಯಾಡ್ರಿ, ಈ ಹಾಳೀ ಕಡೆ ಅಷ್ಟ ನೋಡ್ರಿ" ಎಂದೆ.

ಅವರು ಬಂದರು. ಹಾಳೆಯ ಮೇಲಿನ ಬೆಳಕಿನ ಬಟ್ಟಲನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ತಮ್ಮಾ, ಆ ಕರೀ ಚುಕ್ಕಿ ಸೂರ್ಯಾನಾಗ ಐತೋ, ನನ್ನ ಕಣ್ಣಾಗ ಐತೋ?" ಎಂದರು.

ಏನೆನ್ನಬೇಕೋ ನನಗೆ ತೋಚಲಿಲ್ಲ. ಅವರು ನನ್ನ ಉತ್ತರಕ್ಕೆ ಕಾಯಲೂ ಇಲ್ಲ. ಅಂಗೈಯಿಂದ ಬಲಗಣ್ಣನ್ನು ಮುಚ್ಚಿಕೊಂಡು ಎಡಗಣ್ಣಿನಿಂದ ನೋಡಿದರು. ನಾನು ಹಾಳೆಯನ್ನು ತುಸು ಪಕ್ಕಕ್ಕೆ ಸರಿಸಿದೆ. ಬಿಂಬ ಹಾಳೆಯ ಅಂಚಿಗೆ ಬಂತು, ಕಲೆಗಳೂ ಬಿಂಬದೊಂದಿಗೇ ಉಳಿದವು. ಅಷ್ಟರಲ್ಲಿ ಅವರು ನಿಧಾನವಾಗಿ, "ಬಲಗಣ್ಣು ಮುಚ್ಚಿದರೂ ಐತಿ. ಹಂಗಾದರ ಇದು ನಂದಲ್ಲ, ಅವಂದ" ಎಂದರು. ಅವರ ಮುಖದಲ್ಲಿ ನಗೆಯಿತ್ತು. ನಾಲ್ಕು ಶತಮಾನಗಳ ಹಿಂದೆ ಷೈನರನು ಗಾಜು ಬದಲಿಸಿ ಮಾಡಿದ ಪರೀಕ್ಷೆಯನ್ನು, ನಾನು ಇನ್ನೊಬ್ಬರಿಂದ ಹೇಳಿಸಿಕೊಂಡು ಮಾಡಿದ ಪರೀಕ್ಷೆಯನ್ನು, ಅವರು ಯಾರ ಮಾತೂ ಇಲ್ಲದೆ ಮಾಡಿ ಮುಗಿಸಿದ್ದರು. ನಾಲ್ವತ್ತನಾಲ್ಕು ವರ್ಷ ಕಣ್ಣಿನಲ್ಲಿ ಒಂದು ಕಲೆಯನ್ನಿಟ್ಟುಕೊಂಡು ಬಾಳಿದವರಿಗೆ ತನ್ನದು ಯಾವುದು, ಹೊರಗಿನದು ಯಾವುದು ಎಂದು ಬೇರ್ಪಡಿಸುವುದು ದಿನನಿತ್ಯದ ಕೆಲಸ.

ಮರುದಿನ ರಾತ್ರಿ, ಆ ಗುಂಪಿನಿಂದ ಸಿಡಿದ ಕಣಗಳು ಭೂಮಿಯನ್ನು ಮುಟ್ಟಿ, 2003ರ ಬಳಿಕ ಅಷ್ಟು ಪ್ರಬಲವಾದ ಕಾಂತಬಿರುಗಾಳಿ ಬೀಸಿತು. ಲಡಾಖಿನ ಹಾನ್ಲೆಯ ಆಕಾಶವೂ ಕೆಂಪೇರಿತು. ನಮ್ಮ ಹಿತ್ತಲಿನ ಮೇಲೆ ಏನೂ ಕಾಣಲಿಲ್ಲ. ಪತ್ರಿಕೆಯಲ್ಲಿ ಆ ಕೆಂಪು ಬೆಳಕಿನ ಸುದ್ದಿ ಬಂದಾಗ ತಂದೆಯವರು ಅದನ್ನು ಕತ್ತರಿಸಿಟ್ಟುಕೊಂಡು, ಬಂದವರಿಗೆಲ್ಲ, "ಇದನ್ನ ಕಳಿಸಿದಾಂವನ್ನ ನಾವು ಮೊದಲ ನೋಡಿದ್ದಿವಿ" ಎಂದು ಹೇಳಿದರು.

ಆ ವಾರದಿಂದ ನನ್ನ ಹವ್ಯಾಸಕ್ಕೊಬ್ಬ ಜೊತೆಗಾರರು ದೊರೆತರು. ಚಿತ್ರ ತೆಗೆಯುವುದು ನನ್ನ ಪಾಲು. ದಪ್ಪ ರಟ್ಟಿನ ಪುಸ್ತಕದಲ್ಲಿ ತಾರೀಖು, ಗಂಟೆ, ಕಲೆಗಳ ಸಂಖ್ಯೆ ಬರೆಯುವುದು ಅವರ ಪಾಲು. ಅಕ್ಷರಗಳು ಮೊಳೆ ಜೋಡಿಸಿದಷ್ಟು ಒಪ್ಪವಾಗಿವೆ. ಕಲೆಗಳ ಚಕ್ರ ತನ್ನ ಶಿಖರವನ್ನು ಮುಟ್ಟಿದೆಯೆಂದು 2024ರ ಅಕ್ಟೋಬರಿನಲ್ಲಿ ವಿಜ್ಞಾನಿಗಳು ಸಾರಿದರು. ಶಿಖರದ ಮೇಲೆ ಇಳಿಗಾಲ. ಮುಂದೊಂದು ದಿನ, 2019ರಲ್ಲಿದ್ದಂತೆ, ವಾರಗಟ್ಟಲೆ ಸೂರ್ಯನ ಮುಖದಲ್ಲಿ ಒಂದು ಚುಕ್ಕೆಯೂ ಇಲ್ಲದಿರಬಹುದು. ಆಗ ಏನು ಬರೆಯುತ್ತೀರೆಂದು ಮೊನ್ನೆ ಕೇಳಿದೆ.

"ಇಲ್ಲ ಅಂತ ಬರೀತೀನಿ. ಇಲ್ಲದ್ದನ್ನ ಐತಿ ಅಂತ ಬರಿಯಾಕ ಬರತದೇನು?" ಎಂದರು.

ಓದುಗರೇ, ಒಬ್ಬರ ಮೇಲೆ ಕಲಂಕ ಹೊರಿಸುವ ಮೊದಲು ನಮ್ಮ ಗಾಜನ್ನೊಮ್ಮೆ ಒರಸಿ, ನಮ್ಮ ಕಣ್ಣನ್ನೊಮ್ಮೆ ಮುಚ್ಚಿ ತೆರೆದು ನೋಡುವುದು ಸೂರ್ಯನ ವಿಷಯದಲ್ಲಿ ಮಾತ್ರ ಸಲ್ಲುವ ನಿಯಮವೇನಲ್ಲ. ಅಧ್ಯಾಪಕರ ಕೊಠಡಿಯಲ್ಲಿ ಇದನ್ನು ಹೇಳಿದಾಗ ಭೌತವಿಜ್ಞಾನದ ಗೆಳೆಯರು, "ಆದರೆ ಸರ್, ಒರಸಿದ ಮೇಲೂ ಕಲೆ ಉಳಿದರೆ, ಉಳಿದಿದೆಯೆಂದು ಬರೆಯಬೇಕು" ಎಂದರು. ಒಪ್ಪಿದೆ.